ಡೆಲ್ಫಾ ನೇಪಿಯರ್ ಓದಿದ ಕೊನೆಯ ಪಟ್ಟಿ

ಡೆಲ್ಫಾ ನೇಪಿಯರ್ ಮೂವತ್ತೊಂದು ವರ್ಷ, ಭಾನುವಾರ ಒಂದು ಬಿಟ್ಟು, ಪ್ರತಿ ಬೆಳಿಗ್ಗೆ ಎಂಟು ಹತ್ತಕ್ಕೆ ನಮ್ಮ ಕಣಿವೆಯ ಜನರ ಹೆಸರುಗಳನ್ನು ರೇಡಿಯೊದಲ್ಲಿ ಓದಿದಳು. ಭಾನುವಾರ ಅದೇ ಹೆಸರುಗಳನ್ನು ಚರ್ಚುಗಳಲ್ಲಿ ಪಾಸ್ಟರುಗಳು ಓದುತ್ತಿದ್ದರು. ಆಕೆಯಷ್ಟು ಚೆನ್ನಾಗಿ ಯಾರೂ ಓದುತ್ತಿರಲಿಲ್ಲ.

ಆಕೆಯ ಬಗ್ಗೆ ಬರೆ ಎಂದು ನನಗೆ ಯಾರೂ ಹೇಳಿಲ್ಲ. ಸಂಸ್ಕಾರದ ದಿನ ಹಂಚಿದ ಅಚ್ಚಿನ ಕಾಗದದಲ್ಲಿ ಹುಟ್ಟಿದ ತಾರೀಖು, ಸತ್ತ ತಾರೀಖು, ಚರ್ಚಿನ ಹೆಸರು ಇದ್ದವು. ಕೆಳಗೆ ‘ರೇಡಿಯೊದಲ್ಲಿ ಕೆಲಸ’ ಎಂದು ಎರಡು ಪದ. ಅದನ್ನು ನೋಡಿ ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ನಮ್ಮೂರು ಬ್ರಶಿ ಫೋರ್ಕಿಗೆಲ್ಲ ಗೊತ್ತು, ಹಾಗಾಗಿ ಅದಕ್ಕೆ ಕ್ಷಮೆ ಕೇಳುವುದಿಲ್ಲ.

ನಾನು ಎಸ್ಟಿಲ್. ಕಲ್ಲಿದ್ದಲು ಗಣಿಯಲ್ಲಿ ವಿದ್ಯುತ್ತಿನ ಕೆಲಸ ಮಾಡುತ್ತಿದ್ದೆ. ಎದೆಗೆ ಧೂಳು ತುಂಬಿ ಡಾಕ್ಟರು ಒಳಗಿಳಿಯಬೇಡ ಎಂದ ಮೇಲೆ ಬ್ರದರ್ ಕ್ಲೀಟಸ್ ಸ್ಲೋನ್ ತನ್ನ ರೇಡಿಯೊ ಸ್ಟೇಷನ್ನಿನ ಯಂತ್ರ ನೋಡಿಕೊಳ್ಳಲು ಕರೆದ. ಸ್ಟೇಷನ್ ಎಂದರೆ ಪೆಟ್ರೋಲ್ ಬಂಕಿನ ಹಿಂದೆ ಸಿಮೆಂಟ್ ಇಟ್ಟಿಗೆಯ ಎರಡು ಕೋಣೆ. ಪ್ರಸಾರದ ಗೋಪುರ ಅಲ್ಲಿಂದ ಒಂದೂವರೆ ಮೈಲಿ ಕೆಳಗೆ, ಹಳ್ಳದ ಪಕ್ಕದ ಜೌಗಿನಲ್ಲಿ. ನೆಲ ಒದ್ದೆಯಿದ್ದಷ್ಟೂ ಧ್ವನಿ ದೂರ ಹೋಗುತ್ತದೆ. ಗೋಪುರದ ಬುಡದಲ್ಲೊಂದು ಗುಡಿಸಲು, ಅದರೊಳಗೆ ಪ್ರಸಾರದ ಯಂತ್ರ, ಚಳಿ ಶುರುವಾದರೆ ಯಂತ್ರದ ಬಿಸಿಗೆ ಮೈ ಕಾಯಿಸಿಕೊಳ್ಳಲು ಬರುವ ಹಾವುಗಳು. ಸೂರ್ಯ ಹುಟ್ಟಿದರೆ ನಮ್ಮ ಪ್ರಸಾರ ಶುರು, ಮುಳುಗಿದರೆ ಬಂದ್. ಪಾಸ್ಟರುಗಳ ಪ್ರಸಂಗ, ನಾಲ್ವರು ಸೇರಿ ಹಾಡುವ ಕ್ವಾರ್ಟೆಟ್ ಹಾಡು, ಯಾರ ಹಸು ಕಳೆದಿದೆ, ಯಾರ ಮನೆಯಲ್ಲಿ ಸಾವಾಗಿದೆ, ಎಲ್ಲವೂ ಅದರಲ್ಲೇ ಬರುತ್ತಿತ್ತು. ಆದರೆ ಜನ ರೇಡಿಯೊ ಹಾಕುತ್ತಿದ್ದುದು ಡೆಲ್ಫಾಳ ಪ್ರಾರ್ಥನೆಯ ಪಟ್ಟಿಗಾಗಿ.

ಏಳಕ್ಕೆ ಫೋನ್ ಶುರುವಾಗುತ್ತಿತ್ತು. ಒಬ್ಬೊಬ್ಬರೂ ಹೆಸರು ಹೇಳುವರು, ಏನಾಗಿದೆ ಹೇಳುವರು, ಡೆಲ್ಫಾ ಬರೆದುಕೊಳ್ಳುವಳು. ಎಂಟಾಯಿತೆಂದರೆ ಮುಗಿಯಿತು, ಪಟ್ಟಿ ಓದಿ ಮುಗಿಯುವವರೆಗೆ ರಾಜ್ಯದ ಗವರ್ನರ್ ಕರೆದರೂ ಆಕೆ ಫೋನ್ ಎತ್ತುತ್ತಿರಲಿಲ್ಲ. ಕೆಲವರು ಹೆಸರನ್ನೂ ಹೇಳುವುದಿಲ್ಲ, ಕಷ್ಟವನ್ನೂ ಹೇಳುವುದಿಲ್ಲ. ನಮ್ಮ ಚರ್ಚುಗಳಲ್ಲಿ ಇದು ಮೊದಲಿಂದ ಇದ್ದದ್ದೇ: ಎದ್ದು ಕೈ ಎತ್ತಿ ‘ಹೇಳದ ಕೋರಿಕೆ’ ಎಂದರೆ ಸಾಕು, ಎಲ್ಲರೂ ಪ್ರಾರ್ಥಿಸುತ್ತಾರೆ, ಏನೆಂದು ಯಾರೂ ಕೇಳಬಾರದು. ಡೆಲ್ಫಾ ಅವನ್ನು ಪಟ್ಟಿಯ ಕೊನೆಯಲ್ಲಿ ಓದುತ್ತಿದ್ದಳು, ಹೇಳದ ಕೋರಿಕೆ ಮೂರು, ಹೇಳದ ಕೋರಿಕೆ ಐದು, ಹೀಗೆ.

ಬ್ರದರ್ ಕ್ಲೀಟಸ್‌ನದು ಒಂದೇ ಕಟ್ಟಳೆ. ಸ್ಟೇಷನ್ನಿನಲ್ಲಿ ಕೆಲಸ ಮಾಡುವವರು ತಮ್ಮ ಮನೆಯ ವಿಷಯವನ್ನು ಮೈಕಿಗೆ ತರಕೂಡದು. ಹಿಂದೊಬ್ಬ, ಓಡಿಹೋದ ಹೆಂಡತಿ ವಾಪಸು ಬರಲಿ ಎಂದು ವಾರವಿಡೀ ರೇಡಿಯೊದಲ್ಲಿ ಪ್ರಾರ್ಥಿಸಿದ್ದನಂತೆ. ಹೆಂಡತಿ ಬರಲಿಲ್ಲ, ಅವಳ ಅಣ್ಣಂದಿರು ಕೋವಿ ಹಿಡಿದು ಬಂದರು.

ಡೆಲ್ಫಾಳಿಗೆ ಒಬ್ಬನೇ ಮಗ, ರೋಡ್ನಿ. ಗಣಿಯ ಚಾವಣಿ ಕುಸಿದು ಗಂಡ ತೀರಿಹೋದಾಗ ಹುಡುಗನಿಗೆ ನಾಲ್ಕು ವರ್ಷ. ದೊಡ್ಡವನಾಗಿ ಅವನೂ ಗಣಿಗೇ ಇಳಿದ. ಬೇಡವೆಂದರೆ ಇಲ್ಲಿ ಬೇರೇನು ಕೆಲಸವಿದೆ? ಇಪ್ಪತ್ತಾರಕ್ಕೆ ಬೆನ್ನು ಮುರಿದುಕೊಂಡ. ನೋವಿಗೆ ಮಾತ್ರೆ ಕೊಟ್ಟರು. ನೋವು ಹೋಯಿತು, ಮಾತ್ರೆ ಹೋಗಲಿಲ್ಲ. ನಮ್ಮ ಕಣಿವೆಯಲ್ಲಿ ಆ ಮಾತ್ರೆ ಹೊಗದ ಮನೆಯಿಲ್ಲ, ಹಾಗಾಗಿ ಇದನ್ನು ಉದ್ದ ಮಾಡುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಜನ ಆಡಿಕೊಂಡರು, ಆಕೆ ಅವನ ಬಟ್ಟೆ ಒಗೆದಳು, ಅನ್ನ ಹಾಕಿದಳು.

ಆಮೇಲೆ ಮನೆಗಳಲ್ಲಿ ಕಳವು ಶುರುವಾಯಿತು. ಟಿವಿ ಹೋಗುತ್ತಿರಲಿಲ್ಲ, ಬಂದೂಕು ಹೋಗುತ್ತಿರಲಿಲ್ಲ, ಬರೀ ನೋವಿನ ಮಾತ್ರೆಗಳು. ಆಪರೇಷನ್ ಮುಗಿಸಿ ಆಗಷ್ಟೇ ಮನೆಗೆ ಬಂದವರವು. ಇಲ್ಲವೇ ಇಡೀ ಮನೆಯವರು ದೂರದ ಲೆಕ್ಸಿಂಗ್ಟನ್ನಿನ ಆಸ್ಪತ್ರೆಯಲ್ಲಿ ಕುಳಿತಿದ್ದಾಗ ಬೀಗ ಹಾಕಿದ ಮನೆಯವು. ಹನ್ನೊಂದು ಮನೆಗಳು. ಹನ್ನೆರಡನೆಯದರಲ್ಲಿ ರೋಡ್ನಿ ಸಿಕ್ಕಿಬಿದ್ದ. ಯಾರ ಮನೆಯಲ್ಲಿ ಮಾತ್ರೆ ಇದೆಯೆಂದು ನಿನಗೆ ಹೇಗೆ ಗೊತ್ತಾಗುತ್ತಿತ್ತು ಎಂದು ಕೋರ್ಟಿನಲ್ಲಿ ಕೇಳಿದರು. ಎರಡನೇ ಬೆಂಚಿನಲ್ಲಿ ಡೆಲ್ಫಾ ಕೂತಿದ್ದಳು, ಪಕ್ಕದಲ್ಲಿ ನಾನು.

"ಅಮ್ಮನ ಪಟ್ಟಿ ಕೇಳಿಸ್ಕೋತಿದ್ದೆ," ಅಂದ ರೋಡ್ನಿ.

‘ಜೆಟ್ಟಿ ಕೋಮ್ಸ್, ಸೊಂಟದ ಆಪರೇಷನ್ ಆಗಿ ನಿನ್ನೆ ಮನೆಗೆ ಬಂದಿದ್ದಾರೆ, ಪ್ರಾರ್ಥಿಸಿ’ ಎಂದು ಡೆಲ್ಫಾ ಓದಿದ ದಿನವೇ ಅವನು ಜೆಟ್ಟಿಯ ಕಿಟಕಿಯಿಂದ ಒಳಗೆ ಕೈ ಹಾಕಿದ್ದ. ಎಂಬತ್ತರ ಮುದುಕಿ ನಾಲ್ಕು ದಿನ ಮಾತ್ರೆಯಿಲ್ಲದೆ ಹಾಸಿಗೆಯಲ್ಲಿ ನರಳಿದಳು. ಅವನಿಗೆ ಹತ್ತು ವರ್ಷ ಜೈಲಾಯಿತು.

ಮರುದಿನ ಡೆಲ್ಫಾ ಬರುವುದಿಲ್ಲವೆಂದು ಎಲ್ಲರೂ ತಿಳಿದಿದ್ದರು. ಆರೂವರೆಗೆ ಬಂದಳು. ಪಟ್ಟಿ ಓದಿದಳು, ಬರೀ ಹೆಸರು, ಕಾಯಿಲೆಯಿಲ್ಲ, ಊರಿಲ್ಲ. ಕಾಯಿಲೆ ಏನೆಂದು ದೇವರಿಗೆ ಗೊತ್ತು, ಬೇರೆಯವರಿಗೆ ಗೊತ್ತಾಗುವುದು ಬೇಡ ಅಂದಳು. ಅವತ್ತಿನಿಂದ ಪಟ್ಟಿಯ ಕೊಟ್ಟಕೊನೆಗೆ ಒಂದು ಸಾಲು ಸೇರಿತು. ಬೇರೆ ಹೇಳದ ಕೋರಿಕೆಗಳನ್ನೆಲ್ಲ ಓದಿ, ಒಂದು ಗುಟುಕು ನೀರು ಕುಡಿದು, "ಇನ್ನೊಂದು, ಹೇಳದ ಕೋರಿಕೆ," ಎನ್ನುವಳು. ಅದನ್ನು ಯಾರೂ ಫೋನ್ ಮಾಡಿ ಹೇಳಿದ್ದಲ್ಲವೆಂದು ನನಗೆ ಗೊತ್ತಿತ್ತು. ನಾನು ಕೇಳಲಿಲ್ಲ, ಕೇಳಬಾರದಲ್ಲ.

ಹೀಗೆ ಆರು ವರ್ಷ. ಕ್ಲೀಟಸ್ ಸತ್ತ. ಅವನ ಮಕ್ಕಳಿಗೆ ಸ್ಟೇಷನ್ ಬೇಡವಾಗಿತ್ತು. ಮುನ್ನೂರು ಊರುಗಳಲ್ಲಿ ಸ್ಟೇಷನ್ ಇರುವ ಒಂದು ದೊಡ್ಡ ಕ್ರೈಸ್ತ ರೇಡಿಯೊ ಸಂಸ್ಥೆಗೆ ಮಾರಿದರು. ಅವರ ಹಾಡು ಎಲ್ಲೋ ಒಂದು ಕಡೆ ಹುಟ್ಟಿ ಉಪಗ್ರಹದಿಂದ ಮುನ್ನೂರು ಗೋಪುರಗಳಿಗೆ ಒಟ್ಟಿಗೆ ಇಳಿಯುತ್ತದೆ. ಹಾಡು ಕೆಟ್ಟದ್ದೇನಲ್ಲ. ಆದರೆ ಹಾಡಿನ ನಡುವೆ ಮಾತಾಡುವ ಆ ನಗುಮುಖದ ಧ್ವನಿಗೆ ಬ್ರಶಿ ಫೋರ್ಕ್ ಎಂಬ ಊರಿದೆಯೆಂದು ಗೊತ್ತಿಲ್ಲ. ಏಪ್ರಿಲ್ ಕೊನೆಯ ಶುಕ್ರವಾರ ಮಧ್ಯಾಹ್ನ ಹನ್ನೆರಡರವರೆಗೆ ನಿಮ್ಮ ಕಾರ್ಯಕ್ರಮ, ಆಮೇಲೆ ನಮ್ಮದು ಎಂದು ಕಾಗದ ಬಂತು.

ಫೆಬ್ರವರಿಯಲ್ಲಿ ಡೆಲ್ಫಾ ಮಗನನ್ನು ನೋಡಲು ಹೋದಾಗ ಈ ಸುದ್ದಿ ಹೇಳಿದಳು. ಜೈಲು ಬೆಟ್ಟದ ಆಚೆ, ಆದರೆ ನಮ್ಮ ಧ್ವನಿ ಅಲ್ಲಿಗೆ ಮುಟ್ಟುತ್ತದೆ. ಒಳಗಿನವರಿಗೆ ಅಂಗೈ ಅಗಲದ ರೇಡಿಯೊ ಇಟ್ಟುಕೊಳ್ಳಲು ಬಿಡುತ್ತಾರೆ. ಆ ದಿನ ರೋಡ್ನಿ ಹೇಳಿದ್ದನ್ನು ಆಕೆ ನನಗೆ ಮರುದಿನ ಹೇಳಿದಳು. ಬೆಳಿಗ್ಗೆ ಎಂಟು ಹತ್ತಕ್ಕೆ ಅವರ ಸಾಲಿನವರೆಲ್ಲ ರೇಡಿಯೊ ಹಾಕುತ್ತಾರಂತೆ. ಯಾರ ತಾಯಿಯೋ ಹೆಂಡತಿಯೋ ಕೊಟ್ಟ ಹೆಸರು ಬಂದರೆ ಉಳಿದವರೆಲ್ಲ ಆ ಮನುಷ್ಯನಿಗಾಗಿ ಕಬ್ಬಿಣದ ಮಂಚ ಬಡಿಯುತ್ತಾರಂತೆ. ‘ಆರು ವರ್ಷದಲ್ಲಿ ನನಗಾಗಿ ಒಂದು ದಿನವೂ ಯಾರೂ ಬಡಿದಿಲ್ಲ ಅಮ್ಮ, ಓದುವವಳೇ ನನ್ನ ತಾಯಿ ಅಂತ ಅವರಿಗೆಲ್ಲ ಗೊತ್ತು’ ಎಂದನಂತೆ.

"ಕೊನೇಲಿ ಓದ್ತೀನಲ್ಲ, ಅದು ನಿಂದೇ ಕಣೋ ಅಂದೆ," ಡೆಲ್ಫಾ ಹೇಳಿದಳು. "ಅವನು ನನ್ನ ಮುಖಾನೇ ನೋಡಿದ. ಅದ್ಯಾರೋ ಕ್ಯಾನ್ಸರ್ ಆಗಿರೋರ್ದು ಅನ್ಕೊಂಡಿದ್ದೆ, ನಾನೂ ದಿನಾ ಅವ್ರಿಗೆ ಪ್ರಾರ್ಥನೆ ಮಾಡ್ತಿದ್ದೆ ಅಂದ."

ಸ್ಟೇಷನ್ ಮುಚ್ಚುವುದರೊಳಗೆ ನಿನ್ನ ಹೆಸರು ಓದುತ್ತೇನೆಂದು ಮಾತು ಕೊಟ್ಟು ಬಂದಿದ್ದಳು.

ಮಾರ್ಚ್ ಕಳೆಯಿತು. ಏಪ್ರಿಲ್ ಬಂತು. ಪ್ರತಿ ದಿನ ಬೆಳಿಗ್ಗೆ ಪಟ್ಟಿಯಲ್ಲಿ ಅವನ ಹೆಸರು ಬರೆಯುವಳು, ಎಂಟಕ್ಕೆ ಹೊಡೆದು ಹಾಕುವಳು, ಕೊನೆಗೆ ಅದೇ ‘ಇನ್ನೊಂದು, ಹೇಳದ ಕೋರಿಕೆ’. ನನಗೆ ತಾಳ್ಮೆ ಹೋಗಿ ಒಂದು ದಿನ ರೇಗಿಬಿಟ್ಟೆ. ಕ್ಲೀಟಸ್ ಸತ್ತ, ಅವನ ಕಟ್ಟಳೆಯೂ ಸತ್ತಿತು, ಇನ್ನು ಯಾರಿಗೆ ಹೆದರುತ್ತೀರಿ ಎಂದೆ.

"ಕಟ್ಟಳೆಗಲ್ಲ ಕಣೋ ಎಸ್ಟಿಲ್," ಅಂದಳು. "ಆ ಹನ್ನೊಂದು ಮನೆಯೋರ ಹೆಸರು ಓದಿ ಓದಿ ಅವನಿಗೆ ದಾರಿ ತೋರ್ಸಿದ್ದು ನನ್ನ ಬಾಯಿ. ಈಗ ಅದೇ ಬಾಯಲ್ಲಿ ಅವ್ರಿಗೆ, ನನ್ನ ಮಗನಿಗೆ ಪ್ರಾರ್ಥನೆ ಮಾಡಿ ಅಂತ ಹೆಂಗೆ ಕೇಳ್ಲಿ?"

ಹಾಗಾದರೆ ಮೊದಲು ಅವರನ್ನೇ ಕೇಳಿ ಎಂದೆ. ಹನ್ನೊಂದು ಜನರಲ್ಲಿ ಎಂಟು ಮಂದಿ ಅಷ್ಟರಲ್ಲಿ ತೀರಿಕೊಂಡಿದ್ದರು, ಇಬ್ಬರು ಊರು ಬಿಟ್ಟಿದ್ದರು. ಉಳಿದವಳು ಜೆಟ್ಟಿ ಕೋಮ್ಸ್ ಒಬ್ಬಳೇ. ಊರಿಗೆಲ್ಲ ದೊಡ್ಡಮ್ಮ ಆಕೆ, ನಾಲಿಗೆ ಮಾತ್ರ ಹರಿತ.

ಕೊನೆಯ ಗುರುವಾರ ಸಂಜೆ ಡೆಲ್ಫಾ ಒಣಸೇಬಿನ ಪದರ ಕೇಕು ಮಾಡಿಕೊಂಡು ಹೊರಟಳು. ನಾನೇ ಟ್ರಕ್ಕಿನಲ್ಲಿ ಕರೆದುಕೊಂಡು ಹೋದೆ. ಜೆಟ್ಟಿ ವರಾಂಡದಲ್ಲಿ ಬೀನ್ಸ್ ನಾರು ಬಿಡಿಸುತ್ತಾ ಕೂತಿದ್ದಳು. ಕೂರಿ ಅನ್ನಲಿಲ್ಲ. ಡೆಲ್ಫಾ ನಿಂತುಕೊಂಡೇ ಹೇಳಬೇಕಾದದ್ದನ್ನು ಹೇಳಿದಳು. ಮುದುಕಿ ಒಂದು ಬೀನ್ಸೂ ಬಿಡದೆ ಬಿಡಿಸುತ್ತಲೇ ಇದ್ದಳು, ಬಟ್ಟಲು ತುಂಬುವವರೆಗೆ.

"ನಾಲ್ಕು ದಿನ, ಡೆಲ್ಫಾ," ಅಂದಳು ಕೊನೆಗೆ. "ಮಗ್ಗುಲು ಬದಲಾಯ್ಸೋಕಾಗ್ದೆ ಬಿದ್ದಿದ್ದೆ. ಅವಾಗ ನಿನ್ನ ಮಗನ ಹೆಸ್ರು ತಗೊಂಡು ಏನೇನ್ ಅಂದೆ ಅಂತ ದೇವ್ರಿಗೊಬ್ಬನಿಗೇ ಗೊತ್ತು."

"ಗೊತ್ತು ದೊಡ್ಡಮ್ಮ."

"ನಿಂಗೇನ್ ಗೊತ್ತು ಮಣ್ಣು." ಬಟ್ಟಲು ಪಕ್ಕಕ್ಕಿಟ್ಟಳು. "ಓದು ಹೋಗು. ಆದ್ರೆ ನನ್ನ ಹೆಸ್ರಿನ ಪಕ್ಕ ಮಾತ್ರ ಓದ್ಬೇಡ. ಕೇಕು ಇಟ್ಟು ಹೋಗು."

ದಾರಿಯುದ್ದಕ್ಕೂ ಡೆಲ್ಫಾ ಅಳುತ್ತಿದ್ದಳು, ನಡುನಡುವೆ ನಗುತ್ತಲೂ ಇದ್ದಳು. ಇಳಿಯುವಾಗ, ನಾಳೆ ಯಂತ್ರ ಕೈಕೊಡಬಾರದು, ನೀನು ಕೆಳಗೆ ಗುಡಿಸಲಿನಲ್ಲೇ ನಿಂತಿರು ಅಂದಳು. ಆಗಲಿ ಎಂದೆ.

ಶುಕ್ರವಾರ ಆರೂಮುಕ್ಕಾಲಕ್ಕೇ ಗುಡಿಸಲಿನಲ್ಲಿದ್ದೆ. ನಮ್ಮ ಹಳೇ ಯಂತ್ರದ ಪಕ್ಕದಲ್ಲಿ ಸಂಸ್ಥೆಯವರು ಆ ವಾರ ತಂದಿಟ್ಟ ಹೊಸ ಕಬ್ಬಿಣದ ಬೀರು, ಅದಕ್ಕೆ ಅವರ ಬೀಗ. ಮುಟ್ಟಬೇಡಿ ಎಂದು ಹೇಳಿದ್ದರು, ಮುಟ್ಟಿರಲಿಲ್ಲ. ಯಂತ್ರದ ಪುಟ್ಟ ಸ್ಪೀಕರಿನಲ್ಲಿ ಯಾವುದೋ ಪಾಸ್ಟರನ ಹಳೇ ಟೇಪು ಬರುತ್ತಿತ್ತು, ಕಳೆದುಹೋದ ಕುರಿಯ ಪ್ರಸಂಗ. ಸರಿಯಾಗಿ ಎಂಟಕ್ಕೆ ಬೀರುವಿನೊಳಗೆ ಟಕ್ ಎಂದಿತು. ಪಾಸ್ಟರನ ಮಾತು ಅರ್ಧಕ್ಕೆ ನಿಂತು ಗಿಟಾರು ಶುರುವಾಯಿತು.

ಹನ್ನೆರಡಕ್ಕೆ ಬದಲಾಗಬೇಕಾದದ್ದು ಎಂಟಕ್ಕೇ ಬದಲಾಗಿತ್ತು.

ಆ ಜೌಗಿನಲ್ಲಿ ಮೊಬೈಲು ಹಿಡಿಯುವುದಿಲ್ಲ. ಸುತ್ತಿಗೆಯಿಂದ ಬೀಗ ಒಡೆದೆ. ಒಳಗೆ ನನಗೆ ಗುರುತಿಲ್ಲದ ಪೆಟ್ಟಿಗೆಗಳು, ಕೂದಲೆಳೆಯಂಥ ತಂತಿಗಳು. ನಮ್ಮ ಸ್ಟುಡಿಯೊದಿಂದ ಬರುವ ತಂತಿ ಅವುಗಳಲ್ಲಿ ಎಲ್ಲಿ ಹೊಕ್ಕಿದೆ ಎಂದು ಹುಡುಕುವುದರಲ್ಲಿ ಎಂಟು ಹತ್ತಾಯಿತು. ಒಂದನ್ನು ಕಿತ್ತರೆ ಗಿಟಾರು ನಿಲ್ಲಲಿಲ್ಲ. ಇನ್ನೊಂದನ್ನು ಕಿತ್ತರೆ ಎಲ್ಲವೂ ನಿಂತು ಬರೀ ಗುಂಯ್ ಎಂದಿತು, ಐದು ನಿಮಿಷಕ್ಕೆ ಅದು ತಾನಾಗಿಯೇ ಇನ್ನೆಲ್ಲಿಂದಲೋ ಹಾಡನ್ನು ಎಳೆದುಕೊಂಡು ಬಂತು. ಮೂವತ್ತು ವರ್ಷ ಗಣಿಯೊಳಗೆ ಕತ್ತಲಲ್ಲಿ ತಂತಿ ಜೋಡಿಸಿದ ಕೈ ಇದು. ಅವತ್ತು ಯಾವ ಕೆಲಸಕ್ಕೂ ಬರಲಿಲ್ಲ. ಎಂಟು ಮೂವತ್ತೈದಕ್ಕೆ ಸುತ್ತಿಗೆ ಎಸೆದು ಟ್ರಕ್ ಹತ್ತಿದೆ.

ಇನ್ನೊಂದು ಹೇಳಬೇಕು, ಇದು ನನ್ನ ಪಾಪ. ಹೇಳಿದ್ದು ನಿಜವಾಗಿ ಗಾಳಿಗೆ ಹೋಗುತ್ತಿದೆಯೇ ಎಂದು ತಿಳಿಯಲು ಸ್ಟುಡಿಯೊದಲ್ಲಿ ಒಂದು ರೇಡಿಯೊ ಸದಾ ಹಚ್ಚಿಟ್ಟಿರಬೇಕು. ಅದು ಕೆಟ್ಟು ಎರಡು ವರ್ಷವಾಗಿತ್ತು. ಹೊಸದನ್ನು ಕೂರಿಸುವ ಬದಲು ನಾನು ಮೈಕಿನಿಂದಲೇ ಸ್ಪೀಕರಿಗೆ ತಂತಿ ಎಳೆದು ಕೈ ತೊಳೆದುಕೊಂಡಿದ್ದೆ. ಹಾಗಾಗಿ ಊರಿಗೆಲ್ಲ ಗಿಟಾರು ಕೇಳಿಸುತ್ತಿದ್ದಾಗ ಡೆಲ್ಫಾಳಿಗೆ ಕೇಳಿಸುತ್ತಿದ್ದುದು ತನ್ನದೇ ಧ್ವನಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ನಾನು ಒಳಗೆ ಹೋದಾಗ ಆಕೆ ಮೈಕಿನ ಮುಂದೆ ಮಡಿಲಲ್ಲಿ ಕೈಯಿಟ್ಟು ಕೂತಿದ್ದಳು. ಮುಖ ಒದ್ದೆಯಾಗಿತ್ತು. ಮದುವೆಯ ದಿನ ಕೂಡ ಆ ಮುಖದಲ್ಲಿ ಅಂಥ ಕಳೆ ಇದ್ದಿರಲಾರದು.

"ಹೇಳ್ಬಿಟ್ಟೆ ಎಸ್ಟಿಲ್," ಅಂದಳು. "ಎಲ್ಲಾ ಹೇಳ್ದೆ. ಹೆಸ್ರೊಂದೇ ಅಲ್ಲ."

ಆಕೆಗೆ ನಿಜ ಹೇಳಬೇಕೆಂದೇ ಒಂದೂವರೆ ಮೈಲಿ ಹುಚ್ಚನ ಹಾಗೆ ಟ್ರಕ್ ಓಡಿಸಿದ್ದೆ. ಬಾಯಿ ಬರಲಿಲ್ಲ. ಫೋನಿನ ನಾಲ್ಕೂ ದೀಪ ಮಿಣುಕುತ್ತಿದ್ದವು. ಬೈಯುವುದಕ್ಕೋ ಅಳುವುದಕ್ಕೋ ಮಾಡುತ್ತಿದ್ದಾರೆ, ನನ್ನ ಕೈಲಾಗುವುದಿಲ್ಲ, ನೀನೇ ಎತ್ತು ಅಂದಳು. ಎತ್ತಿದೆ. ಜೆಟ್ಟಿ.

"ಏನೋ ಎಸ್ಟಿಲ್ ಇದು? ಎಂಟರಿಂದ ಯಾರೋ ಹಲ್ಲು ಕಿರ್ಕೊಂಡು ಹಾಡ್ತಾ ಇದಾರೆ. ಅವ್ಳು ಓದಿದ್ಲಾ ಇಲ್ವಾ?"

ಡೆಲ್ಫಾ ನನ್ನನ್ನೇ ನೋಡುತ್ತಿದ್ದಳು. "ಹೌದು ದೊಡ್ಡಮ್ಮ," ಅಂದೆ. "ಓದಿದ್ರು. ಚೆನ್ನಾಗಿ ಓದಿದ್ರು."

ಮುದುಕಿ ದನಿ ತಗ್ಗಿಸಿದಳು. "ಅಲ್ಲೇ ಕೂತಿದಾಳಾ?"

"ಹೌದು."

"ಗೊತ್ತಿಲ್ವಾ ಅವ್ಳಿಗೆ?"

"ಇಲ್ಲ."

"ಸರಿ, ಫೋನಿಡು. ಮಿಕ್ಕಿದ್ದು ನಂಗೆ ಬಿಡು," ಅಂದಳು.

ಸಂಜೆಯೊಳಗೆ ಜೆಟ್ಟಿ ಇಡೀ ಕಣಿವೆಗೆ ಫೋನ್ ಮಾಡಿದ್ದಳು. ಡೆಲ್ಫಾಳ ಮುಂದೆ ಈ ವಿಷಯ ಎತ್ತಿದವರ ಮನೆಗೆ ತಾನೇ ಕೋಲೂರಿಕೊಂಡು ಬರುತ್ತೇನೆಂದು ಹೆದರಿಸಿದಳಂತೆ. ನಮ್ಮೂರಿನಲ್ಲಿ ಗುಟ್ಟು ನಿಲ್ಲುವುದಿಲ್ಲ, ಇದೊಂದು ನಿಂತಿತು. ಡೆಲ್ಫಾಳೂ ಆ ಸ್ಟೇಷನ್ನಿಗೆ ಮತ್ತೆ ರೇಡಿಯೊ ತಿರುಗಿಸಲಿಲ್ಲ. ಸಂಸ್ಥೆಯವರಿಗೆ ನಾನು ಫೋನ್ ಮಾಡಿ ಕಿರುಚಿದೆ. ಆ ಕಡೆಯ ಹುಡುಗ ಬಹಳ ಮರ್ಯಾದೆಯಿಂದ, ವೇಳೆ ಬದಲಾಗಿದೆಯೆಂದು ಬುಧವಾರವೇ ಇ-ಮೇಲ್ ಕಳಿಸಿದ್ದೆವು ಸರ್ ಅಂದ. ನಮ್ಮ ಸ್ಟೇಷನ್ನಿನಲ್ಲಿ ಇ-ಮೇಲ್ ಓದುತ್ತಿದ್ದವರು ಯಾರು?

ನನಗಿದ್ದ ಭಯ ಭಾನುವಾರದ್ದು. ಭಾನುವಾರ ಆಕೆ ಜೈಲಿಗೆ ಹೋಗುವಳು. ರೋಡ್ನಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಅವನು ಶುಕ್ರವಾರ ಬೆಳಿಗ್ಗೆ ರೇಡಿಯೊ ಕಿವಿಗಿಟ್ಟುಕೊಂಡು ಗಿಟಾರು ಕೇಳಿದವನು. ನೀನು ಮತ್ತೆ ಹೇಳಲಿಲ್ಲ ಅಂದುಬಿಟ್ಟರೆ ಆಕೆ ಅಲ್ಲೇ ಕುಸಿಯುತ್ತಾಳೆ ಎಂದುಕೊಂಡೆ.

ಸೋಮವಾರ ಡೆಲ್ಫಾ ನನ್ನ ಮನೆಯ ಮೆಟ್ಟಿಲ ಮೇಲೆ ಬಂದು ಕೂತಳು.

"ಕೇಳಿಸ್ತಂತೆ," ಅಂದಳು. "ಎಲ್ರೂ ಮಂಚ ಬಡಿದ್ರಂತೆ. ಕಾವಲಿನವರು ಬಂದು ನಿಲ್ಸಿ ಅನ್ನೋವರ್ಗೂ ಬಡಿದ್ರಂತೆ."

ಒಳ್ಳೆಯದಾಯಿತು ಸಿಸ್ಟರ್ ಎಂದೆ. ಕೆಮ್ಮು ಬಂದವನ ಹಾಗೆ ಎದ್ದು ಮನೆಯ ಹಿಂದಕ್ಕೆ ಹೋದೆ.

ಆಮೇಲೆ ಆಕೆ ಬದುಕಿದ್ದು ಇಪ್ಪತ್ತು ತಿಂಗಳು. ತೋಟ ಮಾಡಿದಳು, ಚರ್ಚಿನ ಅಡುಗೆಮನೆಯಲ್ಲಿ ಬೀನ್ಸ್ ಬೇಯಿಸಿದಳು, ಪ್ರತಿ ಭಾನುವಾರ ಬೆಟ್ಟ ದಾಟಿ ಹೋಗಿಬಂದಳು. ಈ ಜನವರಿಯಲ್ಲಿ ಹೃದಯ ನಿಂತಿತು. ಸಂಸ್ಕಾರದ ಬೆಳಿಗ್ಗೆ ಚರ್ಚಿನಲ್ಲಿ ತಾಯಿಯ ಮುಖ ನೋಡಲು ಜೈಲಿನವರು ರೋಡ್ನಿಗೆ ಹದಿನೈದು ನಿಮಿಷ ಕೊಟ್ಟರು. ಬೇರೆ ಯಾರೂ ಬರುವ ಮೊದಲು, ಕಾವಲಿನವನ ಜೊತೆಗೆ. ಒಳಗೆ ಬಿಟ್ಟುಕೊಳ್ಳಲು ಯಾರಾದರೂ ಇರಬೇಕಿತ್ತು, ನಾನಿದ್ದೆ.

ತಾಯಿಯ ಪಕ್ಕ ಹತ್ತು ನಿಮಿಷ ನಿಂತ. ಕೈಗೆ ಬೇಡಿಯಿದ್ದುದರಿಂದ ಎರಡೂ ಕೈಯನ್ನು ಒಟ್ಟಿಗೆ ಆಕೆಯ ಕೈ ಮೇಲಿಟ್ಟಿದ್ದ. ಆಮೇಲೆ ನನ್ನ ಕಡೆ ತಿರುಗಿದ.

"ಎಸ್ಟಿಲ್ ಮಾಮ, ಅವತ್ತು ಅಮ್ಮ ನಿಜವಾಗ್ಲೂ ಹೇಳಿದ್ಲಾ?"

"ಹೇಳಿದ್ರು ಕಣೋ. ಊರಿಗೆ ಕೇಳಿಸ್ಲಿಲ್ಲ. ಹೇಳಿದ್ದಂತೂ ನಿಜ."

"ಏನ್ ಹೇಳಿದ್ಲು?"

ನನಗೆ ಬೈಯುವುದು ಬರುತ್ತದೆ, ಸುಳ್ಳು ಕಟ್ಟುವುದು ಬರುವುದಿಲ್ಲ. ನಾನು ಕೆಳಗೆ ಗುಡಿಸಲಿನಲ್ಲಿದ್ದೆ, ನಾನೂ ಕೇಳಲಿಲ್ಲ, ಈ ಲೋಕದಲ್ಲಿ ಅದನ್ನು ಕೇಳಿದವರು ಒಬ್ಬರೂ ಇಲ್ಲ ಎಂದೆ.

ಅವನು ತಲೆಯಾಡಿಸಿದ. ಕಾವಲಿನವನು ಗಡಿಯಾರ ನೋಡಿಕೊಂಡ.

"ಆ ಭಾನುವಾರ ನಾನು ಕೇಳಿಸ್ತು ಅಂದೆನಲ್ಲ," ಅಂದ ರೋಡ್ನಿ, "ಅದ್ರಲ್ಲಿ ಯಾವ ಮಾತು ನಿಂಗೆ ಇಷ್ಟ ಆಯ್ತು ಅಂತ ಕೇಳಿದ್ಲು ಅಮ್ಮ. ಎಲ್ಲಾ ಅಂದೆ."